ಕ್ರಿಸ್‌ಮಸ್ ಕ್ಯಾರಲ್‌ಗಳನ್ನು ಪಂಕ್ ರಾಕ್‌ನಲ್ಲಿ ನುಡಿಸೋದು ಹೇಗೆ?

ನವೆಂಬರ್ ಮುಗೀತಾ ಬಂತು ಅಂದರೆ ಸಾಕು, ಗಿಟಾರ್ ಹಿಡಿದ ಹುಡುಗ ಹುಡುಗಿಯರಿಂದ ಅದೇ ಪ್ರಶ್ನೆ: "ಕ್ಯಾರಲ್ಸ್‌ನ ಪಂಕ್ ಮಾಡೋದು ಹೇಗೆ ಸರ್? ನಾವು ಮಾಡಿದ್ರೆ ಬರೀ ಗಲಾಟೆ ಥರ ಕೇಳಿಸುತ್ತೆ." ಕ್ಯಾರಲ್ ಅಂದರೆ ಕ್ರಿಸ್‌ಮಸ್ ಹೊತ್ತಿಗೆ ಚರ್ಚಿನಲ್ಲಿ, ಮನೆ ಮನೆಯಲ್ಲಿ ಹಾಡೋ ಹಾಡು; ಪಂಕ್ ಅಂದರೆ ಜೋರಾಗಿ, ವೇಗವಾಗಿ ನುಡಿಸೋ ಸರಳ ರಾಕ್ ಸಂಗೀತ. ಒಬ್ಬೊಬ್ಬರಿಗೇ ಹೇಳಿ ಹೇಳಿ ಸಾಕಾಗಿ, ಈ ಸಲ ಕೂತು ಬರೆದುಬಿಟ್ಟೆ. ಮೂರು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹಿಡಿಯೋಕೆ ಬರೋ ಯಾರಿಗಾದರೂ ಎರಡು ವಾರಾಂತ್ಯದಲ್ಲಿ ಆಗೋ ಕೆಲಸ ಇದು.

ಗಲಾಟೆ ಥರ ಕೇಳಿಸೋದಕ್ಕೆ ಗಿಟಾರ್ ಸದ್ದನ್ನ ಒರಟು ಮಾಡೋ ನಿಮ್ಮ ಡಿಸ್ಟಾರ್ಷನ್ ಪೆಡಲ್ ಕಾರಣ ಅಲ್ಲ. ಚರ್ಚಿನ ಗೀತೆ ಪುಸ್ತಕದಲ್ಲಿರೋ ಅಷ್ಟೂ ಕಾರ್ಡುಗಳನ್ನ ಹಾಗೇ ಎತ್ತಿಕೊಂಡು ಬೇಗ ಬೇಗ ನುಡಿಸ್ತೀರಲ್ಲ, ತೊಂದರೆ ಅಲ್ಲಿದೆ. ಕ್ಯಾರಲ್‌ನಲ್ಲಿ ಉಳಿಸಿಕೊಳ್ಳಬೇಕಾದ್ದು ಮಟ್ಟು ಒಂದನ್ನೇ. ಮಟ್ಟಿನ ಒಂದು ಸ್ವರವನ್ನೂ ಮುಟ್ಟಬೇಡಿ, ಉಳಿದದ್ದನ್ನ ಧಾರಾಳವಾಗಿ ಕತ್ತರಿಸಿ. ಕೆಳಗಿನ ಎಲ್ಲ ಹಂತಗಳೂ ಈ ಒಂದು ಮಾತಿನಿಂದಲೇ ಹೊರಟಿವೆ.

ಶುರು ಮಾಡೋ ಮುಂಚೆ ಒಂದಿಷ್ಟು ಕೇಳಿ. ಇದೇನು ಹೊಸ ಕಿತಾಪತಿ ಅಲ್ಲ. ಅಮೆರಿಕದ ದ ಡಿಕೀಸ್ 1978ರಲ್ಲೇ ಸೈಲೆಂಟ್ ನೈಟ್ ಹಾಡನ್ನ ಸಿಂಗಲ್ ಮಾಡಿ ತಂದಿದ್ದರು. ಬ್ರಿಟನ್ನಿನ ದ ಬಾಯ್ಸ್ ತಂಡದವರು ಹೆಸರನ್ನ ತಿರುಗುಮುರುಗು ಮಾಡಿ ದ ಯಾಬ್ಸ್ ಅಂತ ಇಟ್ಟುಕೊಂಡು 1980ರಲ್ಲಿ ಒಂದಿಡೀ ಕ್ರಿಸ್‌ಮಸ್ ಆಲ್ಬಂ ಮಾಡಿದರು. ಅದರಲ್ಲಿ ಪೋಲಿತನವೇ ಜಾಸ್ತಿ, ಮನೆಯವರ ಮುಂದೆ ಹಾಕಬೇಡಿ. ನಿಮಗೆ ಪಾಠವಾಗಿ ಬೇಕಾದ್ದು ಬ್ಯಾಡ್ ರಿಲಿಜನ್ ತಂಡದ 2013ರ ಆಲ್ಬಂ, ಕ್ರಿಸ್‌ಮಸ್ ಸಾಂಗ್ಸ್. ಶಿಲುಬೆಯ ಮೇಲೆ ಅಡ್ಡಗೆರೆ ಎಳೆದ ಚಿತ್ರವನ್ನೇ ಲಾಂಛನ ಮಾಡಿಕೊಂಡ ತಂಡ ಅದು. ಆದರೂ ಹಾಡುಗಳನ್ನ ಗೇಲಿ ಮಾಡಿಲ್ಲ, ಮಟ್ಟು ಕೆಡಿಸಿಲ್ಲ, ನೆಟ್ಟಗೆ ಹಾಡಿದ್ದಾರೆ. ಗಾಯಕ ಗ್ರೆಗ್ ಗ್ರಾಫಿನ್ ಶಾಲೆಯ ಕ್ವೈರ್‌ನಲ್ಲಿ ಹಾಡಿ ಬೆಳೆದವರು, ಅದು ಕೇಳಿದ ತಕ್ಷಣ ಗೊತ್ತಾಗುತ್ತೆ. ಆಲ್ಬಂ ಪೂರ್ತಿ ಕೇಳೋಕೆ 20 ನಿಮಿಷವೂ ಬೇಡ.

ಬೇಕಾಗುವ ಸಾಮಾನು

ಒಂದು ಎಲೆಕ್ಟ್ರಿಕ್ ಗಿಟಾರ್, ಡಿಸ್ಟಾರ್ಷನ್ ಬರೋ ಆಂಪ್ ಅಥವಾ ಪೆಡಲ್, ಬೇಸ್ ಗಿಟಾರ್, ಡ್ರಮ್ ಸೆಟ್, ಕೂಗೋಕೆ ನಾಚಿಕೊಳ್ಳದ ಮೂರು ನಾಲ್ಕು ಜನ. ಡ್ರಮ್ ಸೆಟ್ ಮನೆಯಲ್ಲಿ ಯಾರ ಹತ್ರವೂ ಇರಲ್ಲ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗೋ ಜಾಮ್ ರೂಮಿಗೆ ಹೋಗಿ. ಫೋನಿನಲ್ಲಿ ಮೆಟ್ರೊನೋಮ್ ಇರಲಿ. ನಿಮಿಷಕ್ಕೆ ಇಷ್ಟು ಅಂತ ಲೆಕ್ಕವಾಗಿ ಟಿಕ್ ಟಿಕ್ ಅನ್ನೋ ಆ್ಯಪ್ ಅದು. ಜೊತೆಗೆ ಒಂದು ಗೆಜ್ಜೆ ಸರ. ಯಾಕೆ ಅಂತ ಆಮೇಲೆ ಹೇಳ್ತೀನಿ.

1. ಹಾಡು ಆರಿಸಿ, ಹಕ್ಕು ಯಾರದು ಅಂತ ನೋಡಿ

"ಎಲ್ಲ ಕ್ಯಾರಲ್ಲೂ ಹಳೇದೇ ತಾನೆ?" ಅಂತ ಕೇಳ್ತಾರೆ. ಅಲ್ಲ. ನಮ್ಮ ದೇಶದ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತೆ. ಜಾಯ್ ಟು ದ ವರ್ಲ್ಡ್ ಸಾಹಿತ್ಯ ಐಸಾಕ್ ವಾಟ್ಸ್ 1719ರಲ್ಲಿ ಪ್ರಕಟಿಸಿದ್ದು, ಈಗಿನ ಮಟ್ಟನ್ನ ಹೊಂದಿಸಿದ ಲೋವೆಲ್ ಮೇಸನ್ ತೀರಿಕೊಂಡಿದ್ದು 1872ರಲ್ಲಿ. ಚಿಂತೆಯಿಲ್ಲ. ಸೈಲೆಂಟ್ ನೈಟ್, ಹಾರ್ಕ್ ದ ಹೆರಾಲ್ಡ್ ಏಂಜಲ್ಸ್, ಗಾಡ್ ರೆಸ್ಟ್ ಯೆ ಮೆರಿ ಜೆಂಟಲ್‌ಮೆನ್, ಜಿಂಗಲ್ ಬೆಲ್ಸ್ ಇವೂ ಎಲ್ಲರ ಸ್ವತ್ತು.

ಜನ ಜಾರಿ ಬೀಳೋದು ಬೇರೆ ಕಡೆ. ವೈಟ್ ಕ್ರಿಸ್‌ಮಸ್ ಬರೆದ ಇರ್ವಿಂಗ್ ಬರ್ಲಿನ್ ತೀರಿಕೊಂಡಿದ್ದು 1989ರಲ್ಲಿ. ಹಳ್ಳಿ ಹಾಡಿನ ಥರ ಕೇಳಿಸೋ ಲಿಟಲ್ ಡ್ರಮ್ಮರ್ ಬಾಯ್ 1941ರಲ್ಲಿ ಕ್ಯಾಥರೀನ್ ಡೇವಿಸ್ ಬರೆದದ್ದು, ಅವರು 1980ರವರೆಗೂ ಬದುಕಿದ್ದರು. ಎಲ್ಲಕ್ಕಿಂತ ದೊಡ್ಡ ಗುಂಡಿ ಕ್ಯಾರಲ್ ಆಫ್ ದ ಬೆಲ್ಸ್. ಅದರ ಮಟ್ಟು ಉಕ್ರೇನಿನ ಲಿಯೊಂಟೊವಿಚ್ ಅವರದು, ಅವರು 1921ರಲ್ಲೇ ತೀರಿಕೊಂಡರು, ಮಟ್ಟಿಗೆ ಹಕ್ಕಿನ ಗೊಡವೆ ಇಲ್ಲ. ಆದರೆ ಇಂಗ್ಲಿಷ್ ಸಾಹಿತ್ಯ ಪೀಟರ್ ವಿಲ್ಹೌಸ್ಕಿ 1936ರಲ್ಲಿ ಬರೆದದ್ದು, ಹಕ್ಕು ಇನ್ನೂ ಜೀವಂತ. ಹಾಡದೆ ಗಿಟಾರ್‌ನಲ್ಲಿ ಮಾತ್ರ ನುಡಿಸಿ, ಪಾರಾಗ್ತೀರಿ.

ಕನ್ನಡದಲ್ಲೋ ಕೊಂಕಣಿಯಲ್ಲೋ ಹಾಡೋರಿಗೂ ಇದೇ ಮಾತು ಅನ್ವಯಿಸುತ್ತೆ. ಮಟ್ಟು ಇನ್ನೂರು ವರ್ಷ ಹಳೇದಿರಬಹುದು, ಅನುವಾದ ಮಾಡಿದವರು ಇನ್ನೂ ಬದುಕಿರಬಹುದು. ಗೀತೆ ಪುಸ್ತಕದಲ್ಲಿ ಹಾಡಿನ ಕೆಳಗೋ ಕೊನೆಯ ಪುಟದಲ್ಲೋ ಹೆಸರು ಇರುತ್ತೆ, ನೋಡಿ.

ಮೊದಲ ಪ್ರಯತ್ನಕ್ಕೆ ನನ್ನ ಸಲಹೆ ಜಾಯ್ ಟು ದ ವರ್ಲ್ಡ್. ಅದನ್ನೇ ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ.

2. ಮಟ್ಟನ್ನ ಬಾಯಲ್ಲಿ ಕೂರಿಸಿಕೊಳ್ಳಿ

ಗಿಟಾರ್ ಪಕ್ಕಕ್ಕಿಡಿ. ಸಂಗೀತ ಪಾಠಕ್ಕೆ ಹೋದವರಿಗೆ ಈ ಹಾಡು ಸಲೀಸು: ಮೊದಲ ಸಾಲು ಮೇಲಿನ ಷಡ್ಜದಿಂದ ನೇರ ಕೆಳಗೆ ಇಳಿಯುತ್ತೆ. ಸ ನಿ ದ ಪ ಮ ಗ ರಿ ಸ, ಅಷ್ಟೇ. ಮೆಟ್ಟಿಲು ಇಳಿದ ಹಾಗೆ. ಸರಳೆ ವರಸೆಯನ್ನ ಮಾಯಾಮಾಳವಗೌಳದಲ್ಲಿ ಕಲಿತ ಬಾಯಿ ಅಭ್ಯಾಸಬಲದಿಂದ ರಿಷಭ, ಧೈವತವನ್ನ ತಗ್ಗಿಸಿಬಿಡುತ್ತೆ; ಇದು ಶಂಕರಾಭರಣದ ಸ್ವರಗಳು, ಎರಡನ್ನೂ ಮೇಲಕ್ಕೇ ಹಿಡೀಬೇಕು.

ಎಚ್ಚರಿಕೆ: ಇಡೀ ಹಾಡಿನಲ್ಲಿ ಅತಿ ಎತ್ತರದ ಸ್ವರ ಮೊದಲನೇ ಸ್ವರವೇ. ಗಂಟಲು ಬಿಸಿ ಇಲ್ಲದೆ, ಸ್ವರ ಕೈಗೆ ಸಿಗದೆ ಗಾಯಕರು ಅಲ್ಲೇ ಎಡವೋದು. ಡ್ರಮ್ಮರ್ ಕೋಲಿನಿಂದ ನಾಲ್ಕು ಎಣಿಸುವಾಗಲೇ ಬೇಸ್‌ನವರು ಷಡ್ಜವನ್ನ ಒಂದು ಸಲ ಮೀಟಿ ಕೊಡಲಿ.

3. ಕಾರ್ಡುಗಳನ್ನ ಕತ್ತರಿಸಿ

ಇದೇ ಮುಖ್ಯ ಹಂತ, ಇಲ್ಲಿ ಅವಸರ ಬೇಡ.

ಗೀತೆ ಪುಸ್ತಕದ ಕ್ಯಾರಲ್‌ಗಳು ನಾಲ್ಕು ಧ್ವನಿಗಳಿಗೆ ಬರೆದವು: ಹೆಂಗಸರ ಎರಡು, ಗಂಡಸರ ಎರಡು. ನಾಲ್ಕೂ ಧ್ವನಿ ಎಣಿಕೆ ಎಣಿಕೆಗೂ ಅಲ್ಲಾಡೋದರಿಂದ ಕಾರ್ಡೂ ಎಣಿಕೆಗೊಂದು ಬದಲಾಗ್ತಾ ಹೋಗುತ್ತೆ. ಆರ್ಗನ್‌ನಲ್ಲಿ ಅದು ಸೊಗಸು. ಡಿಸ್ಟಾರ್ಷನ್ ಹಾಕಿದ ಗಿಟಾರ್‌ನಲ್ಲಿ ಕೆಸರು.

ಅದಕ್ಕೇ ಪವರ್ ಕಾರ್ಡ್. ಮಾಮೂಲಿ ಕಾರ್ಡಿನಲ್ಲಿ ಷಡ್ಜ, ಗಾಂಧಾರ, ಪಂಚಮ ಮೂರೂ ಇರುತ್ತವೆ. ಪವರ್ ಕಾರ್ಡ್ ಅಂದರೆ ಗಾಂಧಾರವನ್ನ ಕಿತ್ತು ಹಾಕಿ ಷಡ್ಜ ಪಂಚಮ ಮಾತ್ರ ನುಡಿಸೋದು. ಡಿಸ್ಟಾರ್ಷನ್ ಒಳಗೆ ಸ್ವರಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಹೊಸ ಸ್ವರಗಳು ಹುಟ್ಟುತ್ತವೆ. ಷಡ್ಜ ಪಂಚಮ ಡಿಕ್ಕಿ ಹೊಡೆದರೆ ಹುಟ್ಟೋದು ಬಹುಪಾಲು ಅವುಗಳ ಬಳಗದವೇ, ಗಾಂಧಾರ ಸೇರಿದರೆ ಅಪಸ್ವರ. ಅದಕ್ಕೇ ಎರಡೇ ಸ್ವರ ಇಟ್ಟಾಗ ಗಿಟಾರ್ ದಪ್ಪಗೆ, ಸ್ವಚ್ಛವಾಗಿ ಗುಡುಗುತ್ತೆ.

ಈಗ ಕೈ ಹಾಕಿ. ಹಾಡು ಡಿ ಶ್ರುತಿಯಲ್ಲಿರಲಿ. ಬೇಕಾದ್ದು ಮೂರೇ ಕಾರ್ಡ್. ಜಿ: ಅತಿ ದಪ್ಪ ತಂತಿಯ 3ನೇ ಫ್ರೆಟ್‌ನಲ್ಲಿ (ಗಿಟಾರ್ ಕೊರಳಿನ ಅಡ್ಡಪಟ್ಟಿಗಳ ಮನೆ) ತೋರುಬೆರಳು, ಮುಂದಿನ ಎರಡು ತಂತಿಗಳ 5ನೇ ಫ್ರೆಟ್‌ನಲ್ಲಿ ಉಂಗುರ ಬೆರಳು, ಕಿರುಬೆರಳು. ಅದೇ ಆಕಾರವನ್ನ ಎರಡು ಫ್ರೆಟ್ ಮುಂದಕ್ಕೆ ಜಾರಿಸಿದರೆ ಎ. ಅಲ್ಲಿಂದ ಆಕಾರ ಬದಲಿಸದೆ ಇಡೀ ಕೈಯನ್ನ ಒಂದು ತಂತಿ ಕೆಳಕ್ಕೆ ಇಳಿಸಿದರೆ ಡಿ. ತಾಗದ ತಂತಿಗಳನ್ನ ತೋರುಬೆರಳಿನ ಹೊಟ್ಟೆಯಿಂದ ಮೆಲ್ಲಗೆ ಮುಟ್ಟಿ ಸದ್ದಡಗಿಸಿ.

ಮೊದಲ ಸಾಲಿನಲ್ಲಿ ಮಟ್ಟು ಎಂಟು ಸ್ವರ ಇಳಿಯುತ್ತೆ. ನೀವು ಡಿ ಬಿಟ್ಟು ಅಲ್ಲಾಡಲೇಬೇಡಿ, ಕೊನೆಯ "ಈಸ್" ಅನ್ನೋ ಪದಕ್ಕೆ ಮಾತ್ರ ಎ, "ಕಮ್" ಅಂದಾಗ ಮತ್ತೆ ಡಿ. ಎರಡನೇ ಸಾಲಿನಲ್ಲಿ "ಅರ್ತ್" ಮೇಲೆ ಜಿ, "ಸೀವ್" ಮೇಲೆ ಎ, "ಕಿಂಗ್" ಮೇಲೆ ಡಿ. ಇಲ್ಲಿ ಮಟ್ಟು ಮೆಟ್ಟಿಲು ಹತ್ತುವಾಗ ಕಾರ್ಡೂ ಜೊತೆಗೆ ಹತ್ತುತ್ತೆ. ಈ ಒಂದು ಜಾಗದಲ್ಲಿ ಇಡೀ ತಂಡ ಒಟ್ಟಿಗೆ ಬಡಿದರೆ ಕೂತವರು ಎದ್ದು ನಿಲ್ತಾರೆ. ಕೊನೆಯ "ಹೆವನ್ ಅಂಡ್ ನೇಚರ್ ಸಿಂಗ್" ಮೊದಲ ಸಲ ಡಿ, ಎರಡನೇ ಸಲ ಎ.

ಉಳಿದ ಹಾಡುಗಳಿಗೂ ವಿಧಾನ ಇದೇ: ಸಾಲಿಗೆ ಎರಡು ಮೂರು ಕಾರ್ಡ್ ದಾಟಬೇಡಿ. ಬದಲಾವಣೆ ಎಲ್ಲಿ ಇಟ್ಟರೆ ಒಳ್ಳೇದು ಅಂತ ಗೊತ್ತಾಗದಿದ್ದರೆ ಬೇಸ್ ಒಂದರ ಜೊತೆ ಹಾಡಿ ನೋಡಿ. ಕಿವಿ ಒಪ್ಪಿದರೆ ಸಾಕು, ಪುಸ್ತಕ ಒಪ್ಪಬೇಕಿಲ್ಲ. ಗಾಡ್ ರೆಸ್ಟ್ ಯೆ ಥರದ ಮೈನರ್ ಮಟ್ಟುಗಳು, ನಮ್ಮ ಲೆಕ್ಕದಲ್ಲಿ ನಠಭೈರವಿ, ಪಂಕ್‌ಗೆ ಹೇಳಿ ಮಾಡಿಸಿದಂತಿವೆ. ಕಪ್ಪು ಬಟ್ಟೆ ಹಾಕಿಕೊಂಡೇ ಹುಟ್ಟಿದ ಹಾಡುಗಳು ಅವು.

4. ವೇಗ: ಡ್ರಮ್ಮು ಓಡಲಿ, ಹಾಡು ನಡೆಯಲಿ

ನಾವು ಮೊದಲ ವರ್ಷ ಮೆಟ್ರೊನೋಮ್‌ನ ಅಂಕಿ ನೋಡಿ ಉಬ್ಬಿ, ಹಾಡನ್ನೇ ಎರಡರಷ್ಟು ವೇಗಕ್ಕೆ ಏರಿಸಿ ನುಡಿಸಿದ್ದೆವು. ಮುಗಿದ ಮೇಲೆ ಒಬ್ಬ ಆಂಟಿ ಪ್ರೀತಿಯಿಂದ ಕೇಳಿದರು: "ಚೆನ್ನಾಗಿತ್ತು ಮಗಾ, ಯಾವ ಹಾಡು ಅದು?"

ಗುಟ್ಟು ಇಷ್ಟೇ. ಚರ್ಚಿನಲ್ಲಿ ಈ ಹಾಡನ್ನ ನಿಮಿಷಕ್ಕೆ ಸುಮಾರು 90ರಿಂದ 100 ಎಣಿಕೆಯಲ್ಲಿ ಹಾಡ್ತಾರೆ ಅಂದುಕೊಳ್ಳಿ. ನೀವೂ 96ರಲ್ಲೇ ಹಾಡಿ. ಮೆಟ್ರೊನೋಮನ್ನ ಮಾತ್ರ 192ಕ್ಕೆ ಇಡಿ. ಚರ್ಚಿನ ಒಂದು ಎಣಿಕೆಯೊಳಗೆ ಡ್ರಮ್ಮರ್ ಕಾಲಲ್ಲಿ ಒಂದು "ದುಂ", ಸ್ನೇರ್ ಡ್ರಮ್ಮಿನ ಮೇಲೆ ಒಂದು "ಟಪ್" ಬಾರಿಸ್ತಾರೆ: ದುಂ‑ಟಪ್‑ದುಂ‑ಟಪ್. ಕೇಳುಗರಿಗೆ ಬಿರುಗಾಳಿ, ಗಾಯಕರಿಗೆ ಆರಾಮ, ಪದಗಳೆಲ್ಲ ಸ್ಪಷ್ಟ. ಒಂದು ಚರಣಕ್ಕೆ ಸರಿಸುಮಾರು 40 ಎಣಿಕೆ, ಅಂದರೆ 25 ಸೆಕೆಂಡ್. ನಾಲ್ಕು ಚರಣ, ಮುಂದೊಂದು ಹಿಂದೊಂದು ತುಣುಕು ಸೇರಿ ಎರಡು ನಿಮಿಷದಲ್ಲಿ ಹಾಡು ಮುಗಿಯುತ್ತೆ. ರಮೋನ್ಸ್ ತಂಡ 1976ರ ತಮ್ಮ ಮೊದಲ ಆಲ್ಬಂನಲ್ಲಿ 14 ಹಾಡುಗಳನ್ನ ಅರ್ಧ ಗಂಟೆಯೊಳಗೆ ಮುಗಿಸಿದ್ದರು, ಅಳತೆಗೋಲು ಅದೇ.

ಗಿಟಾರ್‌ನವರಿಗೆ ಒಂದು ಎಚ್ಚರಿಕೆ. ಪಂಕ್‌ನ ಆ ಗರಗಸದಂಥ ಸದ್ದು ಬರೋದು ಡೌನ್‌ಸ್ಟ್ರೋಕ್‌ನಿಂದ, ಅಂದರೆ ಪಿಕ್ ಅನ್ನು ಪ್ರತಿ ಸಲವೂ ಮೇಲಿಂದ ಕೆಳಕ್ಕೇ ಹೊಡೆಯೋದು. 192ರಲ್ಲಿ ಎಣಿಕೆಗೆ ಎರಡು ಹೊಡೆತ ಅಂದರೆ ಸೆಕೆಂಡಿಗೆ ಆರಕ್ಕೂ ಮೀರಿ. ಮೊದಲ ದಿನವೇ ಹಟ ಹಿಡಿದರೆ ಮಣಿಕಟ್ಟು ನೋವು ಗ್ಯಾರಂಟಿ. 140ರಿಂದ ಶುರು ಮಾಡಿ ದಿನಕ್ಕೆ ಐದೈದು ಏರಿಸಿ. ಡಿಸೆಂಬರ್ ತಲೆ ಮೇಲೆ ಕೂತಿದ್ದರೆ ಮೇಲೆ ಕೆಳಗೆ ಎರಡೂ ಕಡೆ ಹೊಡೆಯಿರಿ, ಯಾರೂ ನಿಮ್ಮ ಮೇಲೆ ಕೇಸು ಹಾಕಲ್ಲ.

5. ಮೂರರ ಹಾಡುಗಳಿಗೆ ಬೇರೆ ಔಷಧಿ

ಸೈಲೆಂಟ್ ನೈಟ್, ವಾಟ್ ಚೈಲ್ಡ್ ಈಸ್ ದಿಸ್, ಅವೇ ಇನ್ ಎ ಮೇಂಜರ್, ವಿ ವಿಶ್ ಯು. ಇವೆಲ್ಲ ಮೂರರ ನಡೆ, ತಕಿಟ ತಕಿಟ. ಪಂಕ್‌ನ ದುಂ‑ಟಪ್ ನಡೆ ನಾಲ್ಕರದು, ತಕದಿಮಿ. ಮೂರರ ಹಾಡನ್ನ ಯೋಚನೆ ಮಾಡದೆ ನಾಲ್ಕರ ಮೇಲೆ ಹೇರಿದರೆ ಎರಡನೇ ಸಾಲಿಗೇ ಡ್ರಮ್ಮರ್ ಒಂದು ದಾರಿ, ಗಾಯಕರು ಒಂದು ದಾರಿ.

ಸೈಲೆಂಟ್ ನೈಟ್ ತೆಗೆದುಕೊಳ್ಳಿ. ಮೊದಲ ನಾಲ್ಕು ಸ್ವರ ಪ, ದ, ಪ, ಗ. ಮೂಲದಲ್ಲಿ ಮೊದಲ ಪಂಚಮಕ್ಕೆ ಒಂದೂವರೆ ಎಣಿಕೆ, ಧೈವತಕ್ಕೆ ಅರ್ಧ, ಮುಂದಿನ ಪಂಚಮಕ್ಕೆ ಒಂದು, ಗಾಂಧಾರಕ್ಕೆ ಮೂರು. ನಾಲ್ಕರ ನಡೆಗೆ ತರೋಕೆ ಮೊದಲ ಪಂಚಮವನ್ನ ಎರಡೂವರೆಗೆ ಎಳೆಯಿರಿ, ಗಾಂಧಾರವನ್ನ ನಾಲ್ಕಕ್ಕೆ. ನಡುವಿನ ಎರಡು ಇದ್ದಂತೆಯೇ ಇರಲಿ. "ಸೈ......ಲೆಂಟ್ ನೈಟ್" ಅಂತ ಕೂಗಿ ಎಳೆಯೋಕೆ ಒಳ್ಳೇ ಜಾಗವೂ ಸಿಕ್ಕಿತು. ಪ್ರತಿ ತಾಳದ ಮೊದಲ ಸ್ವರವನ್ನ ಒಂದು ಎಣಿಕೆ ಹೆಚ್ಚು ಎಳೆಯೋದು ಅಂತ ನೆನಪಿಟ್ಟುಕೊಂಡರೆ ಬಹುಪಾಲು ಹಾಡು ತಾನಾಗಿ ಕೂರುತ್ತೆ. ಕೈಯಲ್ಲಿ ತಾಳ ಹಾಕಿ, ಬಾಯಲ್ಲಿ ಹಾಡಿ, ಆಮೇಲೆ ಗಿಟಾರ್ ಮುಟ್ಟಿ.

ಅಷ್ಟು ತಲೆನೋವು ಬೇಡ ಅಂದರೆ ಮೂರರಲ್ಲೇ ಬಿಟ್ಟು ವೇಗ ಏರಿಸಿ. ಜನ ಹೆಗಲ ಮೇಲೆ ಕೈ ಹಾಕಿಕೊಂಡು ತೂಗಾಡ್ತಾರೆ, ಅದೂ ಚೆಂದವೇ.

ಅಂದ ಹಾಗೆ, ಈ ಹಾಡಿನಲ್ಲಿ ಕತ್ತರಿಸೋಕೆ ಕಾರ್ಡುಗಳೇ ಹೆಚ್ಚಿಲ್ಲ. ಆಸ್ಟ್ರಿಯಾದ ಒಬರ್ನ್‌ಡಾರ್ಫ್‌ನಲ್ಲಿ 1818ರ ಡಿಸೆಂಬರ್ 24ರ ರಾತ್ರಿ ಪಾದ್ರಿ ಜೋಸೆಫ್ ಮೋರ್ ಮತ್ತು ಮೇಷ್ಟ್ರು ಫ್ರಾಂಜ್ ಗ್ರೂಬರ್ ಇದನ್ನ ಮೊದಲು ಹಾಡಿದ್ದೇ ಗಿಟಾರ್ ಹಿಡಿದು. ಚರ್ಚಿನಲ್ಲಿ ಗಿಟಾರಾ ಅಂತ ಮೂಗು ಮುರಿಯೋರಿಗೆ ಇದನ್ನ ಹೇಳಿ.

6. ಗುಂಪು ಕೂಗು

ಪಂಕ್‌ನಲ್ಲಿ ಇದಕ್ಕೆ ಗ್ಯಾಂಗ್ ವೋಕಲ್ಸ್ ಅಂತಾರೆ: ಒಬ್ಬರು ಹಾಡಿದ ಸಾಲಿನ ಬಾಲವನ್ನ ಹಿಂದಿನವರೆಲ್ಲ ಒಟ್ಟಿಗೆ ಕೂಗೋದು. ಜಾಯ್ ಟು ದ ವರ್ಲ್ಡ್‌ನಲ್ಲಿ ಇದು ಪುಸ್ತಕದಲ್ಲೇ ಇದೆ! "ಅಂಡ್ ಹೆವನ್ ಅಂಡ್ ನೇಚರ್ ಸಿಂಗ್" ಅಂತ ಹೆಂಗಸರು ಹಾಡಿದರೆ ಗಂಡಸರ ಧ್ವನಿ ಅದನ್ನೇ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತೆ. ಅದನ್ನ ಹಾಗೇ ಉಳಿಸಿ, ಹಾಡೋ ಬದಲು ಕೂಗಿ.

ಇನ್ನೊಂದು ದಾರಿ ಬ್ಯಾಡ್ ರಿಲಿಜನ್ ಅವರದು: ಹಿಂದೆ ಎರಡು ಮೂರು ಜನ ಬೇರೆ ಬೇರೆ ಸ್ವರದಲ್ಲಿ ಉದ್ದಕ್ಕೆ "ಆ...." ಹಿಡಿಯೋದು. ಗಿಟಾರ್‌ನಿಂದ ಕಿತ್ತು ಹಾಕಿದ ಗಾಂಧಾರ ಹೀಗೆ ಬಾಯಿಂದ ವಾಪಸ್ ಬರುತ್ತೆ, ಕ್ಯಾರಲ್‌ನ ಮಾಧುರ್ಯವೂ ಬರುತ್ತೆ. ನಿಮ್ಮ ಜೊತೆ ಕ್ವೈರ್‌ನಲ್ಲಿ ಹಾಡಿದವರು ಯಾರಾದರೂ ಇದ್ದರೆ ಬಿಡಬೇಡಿ, ಚಹಾ ಕೊಡಿಸಿ ಕರೆದುಕೊಂಡು ಬನ್ನಿ.

ಬ್ರಿಟಿಷರ ಥರ ಬಾಯಿ ಸೊಟ್ಟ ಮಾಡಿಕೊಂಡು ಹಾಡೋ ಚಟ ಬೇಡ. ನಿಮ್ಮ ನಾಲಿಗೆಯಲ್ಲಿ ಹೇಗೆ ಬರುತ್ತೋ ಹಾಗೆ ಹಾಡಿ.

7. ಶುರು ಮತ್ತು ಕೊನೆ

ಮೊದಲ ಚರಣ ಮೆತ್ತಗೆ, ಆಮೇಲೆ ಧಡಾರ್ ಅಂತ ಎಲ್ಲರೂ ಸೇರೋ ಉಪಾಯ ಎಲ್ಲರೂ ಮಾಡ್ತಾರೆ. ಮಾಡೋದಾದರೆ ಒಂದೇ ಸಾಲಿಗೆ ನಿಲ್ಲಿಸಿ, ಇಡೀ ಚರಣ ಕಾಯೋ ತಾಳ್ಮೆ ಯಾರಿಗೂ ಇಲ್ಲ. ಕೊನೆಯಲ್ಲಿ ಚರ್ಚಿನ ಅಭ್ಯಾಸದಂತೆ ನಿಧಾನ ಮಾಡಬೇಡಿ. ಕೊನೆಯ ಡಿ ಬಡಿದ ಕೂಡಲೇ ಎಲ್ಲರೂ ತಂತಿ ಮೇಲೆ, ಸಿಂಬಲ್ ಮೇಲೆ ಕೈ ಇಟ್ಟು ಸದ್ದು ನಿಲ್ಲಿಸಿ. ಈ ನಿಲ್ಲಿಸೋದನ್ನೇ ಹತ್ತು ಸಲ ಅಭ್ಯಾಸ ಮಾಡಿ.

8. ರೆಕಾರ್ಡಿಂಗ್

ಡಿಸ್ಟಾರ್ಷನ್ ಗುಂಡಿಯನ್ನ ನಿಮಗೆ ಇಷ್ಟ ಆಗೋಷ್ಟು ತಿರುಗಿಸಿ, ಆಮೇಲೆ ಮೂರನೇ ಒಂದು ಭಾಗ ಹಿಂದಕ್ಕೆ ತನ್ನಿ. ಒಂದೇ ಭಾಗವನ್ನ ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಒಂದನ್ನ ಎಡ ಕಿವಿಗೆ, ಇನ್ನೊಂದನ್ನ ಬಲ ಕಿವಿಗೆ ಹಾಕಿ; ಒಂದನ್ನೇ ಕಾಪಿ ಮಾಡಿ ಎರಡೂ ಕಡೆ ಹಾಕಿದರೆ ಆ ದಪ್ಪ ಬರಲ್ಲ. ಜಾಮ್ ರೂಮಿನಲ್ಲಿ ಫೋನಿಂದಲೇ ರೆಕಾರ್ಡ್ ಮಾಡೋದಾದರೆ ಫೋನನ್ನ ಡ್ರಮ್ಮಿನಿಂದ ದೂರದ ಮೂಲೆಯಲ್ಲಿ, ಗಾಯಕರ ಸ್ಪೀಕರಿಗೆ ಹತ್ತಿರ ಇಡಿ.

ಈಗ ಗೆಜ್ಜೆ. ಕ್ರಿಸ್‌ಮಸ್ ಅಂತ ಗೊತ್ತಾಗೋಕೆ ಹಿಮಗಾಡಿಯ ಕುದುರೆ ಕೊರಳಿನ ಗಂಟೆ ಸದ್ದು ಬೇಕು ಅಂತ ಅದಕ್ಕಾಗಿ ಅಂಗಡಿ ಅಂಗಡಿ ಅಲೀಬೇಡಿ. ಭರತನಾಟ್ಯದ ಗೆಜ್ಜೆ ಸರವನ್ನ ಮಡಚಿ ಮುಷ್ಟಿಯಲ್ಲಿ ಹಿಡಿದು, ಆ ಮುಷ್ಟಿಯ ಮೇಲೆ ಇನ್ನೊಂದು ಕೈಯಿಂದ ಗುದ್ದಿ. ಸುಮ್ಮನೆ ಅಲ್ಲಾಡಿಸಿದರೆ ತಾಳ ಚೆದುರುತ್ತೆ, ಗುದ್ದಿದರೆ ಪ್ರತಿ ಎಣಿಕೆಗೂ ಚಕ್ ಚಕ್ ಅಂತ ಖಡಕ್ಕಾಗಿ ಬೀಳುತ್ತೆ. ಕೊನೆಯ ಚರಣಕ್ಕೆ ಮಾತ್ರ ಇರಲಿ.

9. ಅಪ್‌ಲೋಡ್ ಮಾಡುವಾಗ

ಹಳೆಯ ಹಾಡಾದರೆ ಹಕ್ಕಿನ ಜಾಗದಲ್ಲಿ ಸಾಂಪ್ರದಾಯಿಕ ಅಂತಲೂ, ಸಂಯೋಜನೆ ನಮ್ಮದು ಅಂತಲೂ ನಮೂದಿಸಿ. ಆದರೂ ಯಾರದೋ ರೆಕಾರ್ಡಿಂಗ್ ಜೊತೆ ಹೋಲುತ್ತೆ ಅಂತ ಯೂಟ್ಯೂಬ್‌ನ ಯಂತ್ರ ನಿಮ್ಮ ವಿಡಿಯೋ ಮೇಲೆ ಕ್ಲೇಮ್ ಹಾಕಬಹುದು. ಗಾಬರಿಯಾಗಬೇಡಿ, ಆಕ್ಷೇಪಣೆ ಸಲ್ಲಿಸುವಾಗ ಮಟ್ಟು ಮತ್ತು ಸಾಹಿತ್ಯದ ವರ್ಷ, ಬರೆದವರ ಹೆಸರು ಹಾಕಿ.

ಹಕ್ಕಿರೋ ಹಾಡಾದರೆ ದಾರಿ ಕಷ್ಟ. ನಮ್ಮ ಕಾಯ್ದೆಯ 31ಸಿ ಕಲಮಿನಲ್ಲಿ ಕವರ್‌ಗೆ, ಅಂದರೆ ಬೇರೆಯವರ ಹಾಡನ್ನ ನಾವು ಮತ್ತೆ ರೆಕಾರ್ಡ್ ಮಾಡೋದಕ್ಕೆ, ಅವಕಾಶ ಇದೆ, ಆದರೆ ಷರತ್ತುಗಳ ಸರಮಾಲೆ: ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮುಂಚೆಯೇ ನೋಟಿಸ್ ಕೊಡಬೇಕು, ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ಸಾಲದ್ದಕ್ಕೆ, ತಾಂತ್ರಿಕವಾಗಿ ಅಗತ್ಯವಿಲ್ಲದ ಬದಲಾವಣೆಯನ್ನ ಒಪ್ಪಿಗೆ ಇಲ್ಲದೆ ಮಾಡೋ ಹಾಗಿಲ್ಲ. ಪಂಕ್ ಮಾಡೋದು ತಾಂತ್ರಿಕ ಅಗತ್ಯ ಅಂತ ವಾದಿಸೋಕೆ ನಿಮ್ಮ ಹತ್ರ ವಕೀಲರಿದ್ದರೆ ಮುಂದುವರಿಯಿರಿ. ಇಲ್ಲವಾದರೆ 1ನೇ ಹಂತಕ್ಕೆ ವಾಪಸ್ ಹೋಗಿ ಬೇರೆ ಹಾಡು ಆರಿಸಿ.

10. ಎಲ್ಲಿ ನುಡಿಸ್ತೀರಿ?

ಚರ್ಚಿನ ಆವರಣದ ಕಾರ್ಯಕ್ರಮ ಆದರೆ ಫಾದರ್ ಅಥವಾ ಪಾಸ್ಟರ್‌ಗೆ ರೆಕಾರ್ಡಿಂಗ್ ಮುಂಚೆಯೇ ಕೇಳಿಸಿ. "ಪಂಕ್" ಅನ್ನೋ ಪದಕ್ಕೆ ಹೆದರಿದವರು ಹಾಡು ಕೇಳಿದ ಮೇಲೆ ನಗ್ತಾ ಒಪ್ಪಿದ್ದು ನಾನೇ ನೋಡಿದ್ದೀನಿ, ಮಟ್ಟೂ ಸಾಹಿತ್ಯವೂ ಇದ್ದಂತೆ ಇದ್ದರೆ. ಸಾಹಿತ್ಯವನ್ನ ಗೇಲಿ ಮಾಡಿ ತಿರುಚೋ ಆಸೆ ಇದ್ದರೆ ಅದನ್ನ ನಿಮ್ಮ ಜಾಮ್ ರೂಮಿಗೇ ಇಟ್ಟುಕೊಳ್ಳಿ. ಅಲ್ಲೂ ಎರಡನೇ ಸಲಕ್ಕೆ ಆ ತಮಾಷೆ ಹಳಸುತ್ತೆ.

ಮನೆ ಮನೆಗೆ ಹೋಗೋ ಕ್ಯಾರಲ್ ಸುತ್ತಾಟಕ್ಕೆ ಆಂಪ್ ಹೊತ್ತುಕೊಂಡು ಹೋಗಬೇಡಿ. ಅಕೌಸ್ಟಿಕ್ ಗಿಟಾರ್‌ನಲ್ಲಿ ಇವೇ ಮೂರು ಕಾರ್ಡ್, ಗೆಜ್ಜೆ, ಗುಂಪು ಕೂಗು ಸಾಕು, ಕೇಕೂ ಕ್ರಿಸ್‌ಮಸ್ ತಿಂಡಿ ಕುಸ್ವಾರೂ ತಪ್ಪದೆ ಸಿಗುತ್ತೆ. ಹಿಂದಿನ ದಿನವೇ ಹೊಸ ತಂತಿ ಹಾಕಿ ಎಳೆದು ಪಳಗಿಸಿಡಿ, ಜೇಬಿನಲ್ಲಿ ಇನ್ನೊಂದು ಸೆಟ್ ಇರಲಿ. ಡೌನ್‌ಸ್ಟ್ರೋಕ್ ಹೊಡೆಯೋರಿಗೆ ತಂತಿ ತುಂಡಾಗೋದು ಯಾವಾಗಲೂ ಎರಡನೇ ಮನೆಯಲ್ಲೇ.